ವಾಟರ್ ಪೇಪರ್ ಮತ್ತು ಐವತ್ತೆಂಟನೇ ಸೈಟು

ಆಗುವುದಿಲ್ಲ ಎಂದವರು ನನ್ನ ಸೋದರಮಾವ. ಹೊಸಕೋಟೆಯ ಸುತ್ತಮುತ್ತ 'ಸೈಟ್ ಕೃಷ್ಣಪ್ಪ' ಎಂದರೆ ಗೊತ್ತಿಲ್ಲದವರು ಕಡಿಮೆ. ನನಗೆ ಅವರು ಕೃಷ್ಣಮಾವ. ಹೇಳಿದ್ದು ಬೆನ್ನ ಹಿಂದೆಯೂ ಅಲ್ಲ. ನಮ್ಮದೇ ಮನೆಯ ಜಗಲಿಯ ಮೇಲೆ ಕೂತು, ನಮ್ಮಮ್ಮ ಕೊಟ್ಟ ಕಾಫಿ ಕುಡಿಯುತ್ತಾ, ನಾನು ಬಾಗಿಲಿಗೆ ಒರಗಿ ನಿಂತಿರುವಾಗಲೇ ಹೇಳಿದರು.

"ನೋಡಕ್ಕ, ಡಿಗ್ರಿ ಆಯ್ತು, ಸಂತೋಷ. ಯಾವ್ದಾದ್ರೂ ಇಸ್ಕೂಲಿಗೋ ಬ್ಯಾಂಕಿಗೋ ಹಾಕು. ಪೇಂಟರ್ ಮಗ್ಳು, ಅದ್ರಲ್ಲೂ ಹೆಣ್ಮಗ್ಳು, ಜಮೀನ್ ವ್ಯವಹಾರಕ್ಕೆ ಬಂದು ನಿಲ್ಲಕ್ಕಾಗಲ್ಲ. ಆಗಲ್ಲ ಅಂದ್ರೆ ಆಗಲ್ಲ."

ಆ ಮಾತು ಅಲ್ಲೇ ಇರಲಿ. ಇದನ್ನೆಲ್ಲ ಈಗ ನೆನಪಿಗೆ ತಂದಿದ್ದು ಮಾವನಲ್ಲ, ಒಂದು ಕಾಗದದ ಚೂರು. ಮೊನ್ನೆ ಒಬ್ಬರಿಗೆ ಸಹಿ ಹಾಕಲು ಪೆನ್ನು ಕೊಡೋಣವೆಂದು ಕೈಚೀಲದೊಳಗೆ ತಡಕಾಡಿದಾಗ ಬೆರಳಿಗೆ ಒರಟಾಗಿ ಏನೋ ತಗುಲಿತು. ಹೊರಗೆ ತೆಗೆದರೆ ಮೂರು ಮಡಿಕೆಯ ಕಪ್ಪು ಕಾಗದ. ಎದುರಿಗೆ ಕೂತಿದ್ದವರು ಅದನ್ನು ಕಾರ್ಬನ್ ಹಾಳೆ ಅಂದುಕೊಂಡರು. ಹೌದೆಂದು ಹೇಳಿ ಚೀಲಕ್ಕೆ ಹಾಕಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಇದು ವಾಟರ್ ಪೇಪರ್, ಇನ್ನೂರಿಪ್ಪತ್ತನೇ ನಂಬರ್, ಕಾರಿಗೆ ಬಣ್ಣ ಹೊಡೆಯುವವರು ಉಜ್ಜುವುದು ಎಂದು ಪೂರ್ತಿ ಹೇಳಿದೆ. ಅಷ್ಟರಲ್ಲಿ ಅವರಿಗೆ ಪೆನ್ನು ಮರೆತೇ ಹೋಗಿತ್ತು.

ಬಡಗಿಗಳು ಬಳಸುವ ಉಪ್ಪು ಕಾಗದ ನಿಮಗೆ ಗೊತ್ತಿರುತ್ತದೆ. ಅದಕ್ಕೆ ನೀರು ಸೋಕಿದರೆ ಹಪ್ಪಳದ ಹಾಗೆ ನೆನೆದು, ಮೈಮೇಲಿನ ಹರಳೆಲ್ಲ ಉದುರಿ ಕೂರುತ್ತದೆ. ವಾಟರ್ ಪೇಪರಿನ ಜಾತಿಯೇ ಬೇರೆ. ಅದಕ್ಕೆ ನೀರೇ ಜೀವ. ಒಣಗಿದಾಗ ಸಿಡುಕು ಮುಖದ ಹಾಗೆ ಬಿರುಸಾಗಿರುತ್ತದೆ, ನೆನೆಸಿದರೆ ಹೇಳಿದ ಕಡೆ ಬಗ್ಗುತ್ತದೆ. ನೀರು ಹಾಕಿ ಉಜ್ಜಿದರೆ ಧೂಳು ಮೂಗಿಗೆ ಬರುವುದಿಲ್ಲ, ಬಣ್ಣದ ಪುಡಿ ಕಾಗದಕ್ಕೆ ಮೆತ್ತುವುದಿಲ್ಲ, ಗೀರು ಬೀಳುವುದಿಲ್ಲ. ಒಂದು ಚೂರು ಸೋಪು ಹಾಕಿದರೆ ಇನ್ನೂ ಸಲೀಸು. ಇದರ ಹಿಂದೆ ಅಚ್ಚಾಗಿರುವ ನಂಬರ್ ಹೆಚ್ಚಾದಷ್ಟೂ ಕಾಗದ ನುಣುಪು. ಎಂಬತ್ತು ಎಂದರೆ ರಾಕ್ಷಸ, ಎರಡು ಸಾವಿರ ಎಂದರೆ ರೇಷ್ಮೆ. ಎಂಬತ್ತರಿಂದ ಒಂದೇ ನೆಗೆತಕ್ಕೆ ಎರಡು ಸಾವಿರಕ್ಕೆ ಹಾರುವ ಹಾಗಿಲ್ಲ. ನಡುವಿನ ಒಂದೊಂದು ನಂಬರೂ ಹಿಂದಿನದರ ಗೀರನ್ನು ಅಳಿಸುತ್ತಾ ಬರಬೇಕು. ನಾನು ಓದಿದ್ದೂ ಹೀಗೆಯೇ, ಒಂದು ನಂಬರೂ ಬಿಡದೆ.

ನಮ್ಮ ಮನೆಯಲ್ಲಿ ಈ ಕಾಗದ ಮಾಡದ ಕೆಲಸವಿಲ್ಲ. ನಮ್ಮ ಬೋರ್‌ವೆಲ್ ನೀರಿಗೆ ನಲ್ಲಿಯ ಮೇಲೆ ಕೂರುವ ಬಿಳಿ ಉಪ್ಪು ಯಾವ ಹುಣಿಸೆಹಣ್ಣಿಗೂ ಜಗ್ಗುವುದಿಲ್ಲ, ಸಾವಿರದ ನಂಬರಿಗೆ ಜಗ್ಗುತ್ತದೆ. ಕತ್ತರಿ ಮೊಂಡಾದರೆ ಅದೇ ಕತ್ತರಿಯಿಂದ ಈ ಕಾಗದವನ್ನು ನಾಲ್ಕೈದು ಸಲ ಕತ್ತರಿಸಿದರೆ ಸಾಕು, ಬಾಯಿ ಮತ್ತೆ ಹರಿತವಾಗುತ್ತದೆ. ಹೊಸ ಸ್ಟೀಲ್ ಡಬ್ಬಿಯ ಮೇಲಿನ ಸ್ಟಿಕ್ಕರಿನ ಗೋಂದು, ಮಂಕಾದ ಹೆಡ್‌ಲೈಟು, ಕಿಲುಬು ಹಿಡಿದ ಗೇಟಿನ ಚಿಲಕ, ಎಲ್ಲದಕ್ಕೂ ಇದೇ. ಗುಟ್ಟೊಂದು ಹೇಳಿಬಿಡುತ್ತೇನೆ: ಹಿಮ್ಮಡಿಯ ಒಡಕಿಗೆ ಬ್ಯೂಟಿ ಪಾರ್ಲರಿನವರು ಏನೇನೋ ಹೇಳುತ್ತಾರೆ. ನಾನು ಬಿಸಿನೀರಲ್ಲಿ ಕಾಲಿಟ್ಟು ಮೊದಲು ಇನ್ನೂರಿಪ್ಪತ್ತು, ಆಮೇಲೆ ನಾನೂರು ಉಜ್ಜುತ್ತೇನೆ. ನನ್ನ ಚೀಲದಲ್ಲಿ ಆ ಚೂರು ಇದ್ದದ್ದು ಅದಕ್ಕೇ. ನಗುವವರು ನಗಲಿ, ನನ್ನ ಹಿಮ್ಮಡಿ ಹೊಸ ಕಾರಿನ ಬಾನೆಟ್ಟಿನ ಹಾಗಿದೆ.

ನಮ್ಮಪ್ಪ ನಂಜಪ್ಪ, ಹೊಸಕೋಟೆಯ ಹೆದ್ದಾರಿಯ ಪಕ್ಕದ ಒಂದು ತಗಡಿನ ಶೆಡ್ಡಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವರು. ಶೆಡ್ಡು ಅನ್ವರಣ್ಣನದು. ಗುದ್ದಿದ ಕಾರಿನ ತಗಡನ್ನು ಬಡಿದು ಎಬ್ಬಿಸುವುದು ಅನ್ವರಣ್ಣನ ಕೆಲಸ, ಅದರ ತಗ್ಗಿಗೆ ಪಟ್ಟಿಯೆಂಬ ಬಿಳಿ ಲೇಪ ಮೆತ್ತಿ, ಉಜ್ಜಿ, ಬಣ್ಣ ಕಾಣಿಸುವುದು ಅಪ್ಪನ ಕೆಲಸ. ಪೇಪರನ್ನು ಕೆಲಸಕ್ಕೆ ಮುಂಚೆ ನೆನೆಹಾಕಿಡಬೇಕು. ಅಪ್ಪ ಅದನ್ನು ಮನೆಯಲ್ಲೇ ನೆನೆಹಾಕಿ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗುತ್ತಿದ್ದರು. ಅವರೆಕಾಯಿ ಕಾಲದಲ್ಲಿ ನಮ್ಮಮ್ಮ ಹಿತಕಿದ ಬೇಳೆಗೆಂದು ಕಾಳು ನೆನೆಹಾಕುವುದೂ ಅದೇ ಅಡುಗೆಮನೆಯ ಅದೇ ಮೂಲೆಯಲ್ಲಿ. ಒಂದು ಸಲ ನಾನು ಬೇಸಿನ್ ಗುರುತು ತಪ್ಪಿ ಎಂಟು ನೂರರ ನಾಲ್ಕು ಹಾಳೆಗಳನ್ನು ಅವರೆಕಾಳಿನೊಳಗೆ ಮುಳುಗಿಸಿಟ್ಟೆ. ಬೆಳಿಗ್ಗೆ ಕಾಳು ಹಿತುಕಲು ಕೂತ ಅಮ್ಮನಿಗೆ ಬೆರಳಿಗೆ ಏನು ಸಿಕ್ಕಿತೋ, ನನಗೆ ಬೆನ್ನಿಗೆ ಏನು ಬಿತ್ತೋ, ಬಿಡಿ. ಅಂದಿನ ಸಾರಿನಲ್ಲಿ ಮರಳು ಹಲ್ಲಿಗೆ ಸಿಕ್ಕಿದರೂ ಅಪ್ಪ ಮಾತಾಡದೆ ಎರಡು ಸಲ ಬಡಿಸಿಕೊಂಡರು.

ಆ ಕಾಗದ ನಮ್ಮ ಮನೆಗೆ ಕೊಟ್ಟಷ್ಟೇ ಕಿತ್ತುಕೊಂಡೂ ಇದೆ. ವರ್ಷಗಟ್ಟಲೆ ನೀರಲ್ಲಿ ಉಜ್ಜಿ ಅಪ್ಪನ ಬೆರಳ ತುದಿಯ ಗೆರೆಗಳೆಲ್ಲ ಸವೆದು ಹೋಗಿವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಇಡುವ ಮೆಷಿನ್ನು ಬಂದಾಗ ಅಪ್ಪನ ಹೆಬ್ಬೆಟ್ಟನ್ನು ಅದು ಒಪ್ಪಲೇ ಇಲ್ಲ. ಒರೆಸಿದರು, ಎಣ್ಣೆ ಸವರಿದರು, ಹತ್ತೂ ಬೆರಳು ಸರದಿಯಲ್ಲಿ ಇಟ್ಟರು. ಅಂಗಡಿಯವನು ತಮಾಷೆಗೆ, ನಂಜಪ್ಪಾ ನಿನಗೆ ಬೆರಳೇ ಇಲ್ಲವಲ್ಲ ಎಂದ. ಸಾಲಿನಲ್ಲಿದ್ದವರು ನಕ್ಕರು. ನಾನು ಆಗ ಹೈಸ್ಕೂಲು. ನಮ್ಮ ತಾತ ಬರಹ ಬಾರದೆ ಹೆಬ್ಬೆಟ್ಟು ಒತ್ತಿದವರು. ನಮ್ಮಪ್ಪನಿಗೆ ಆ ಹೆಬ್ಬೆಟ್ಟೂ ಉಳಿಯಲಿಲ್ಲ. ಇವರಿಬ್ಬರ ಬಾಕಿ ನಾನು ಸಹಿ ಹಾಕಿಯೇ ತೀರಿಸುತ್ತೇನೆ ಎಂದು ಆ ಸಾಲಿನಲ್ಲಿ ನಿಂತು ತೀರ್ಮಾನ ಮಾಡಿದೆ. ಇವತ್ತಿಗೂ ನಾನು ಗೀಚುವುದಿಲ್ಲ. ಕನ್ನಡದಲ್ಲಿ, ಪೂರ್ತಿಯಾಗಿ, ಒತ್ತಕ್ಷರ ದೀರ್ಘ ಒಂದೂ ಬಿಡದೆ ಹೆಸರು ಬರೆಯುತ್ತೇನೆ. ಎದುರಿನವರಿಗೆ ಅವಸರವಿದ್ದರೆ ಅದು ಅವರ ಪಾಡು.

ಗೆರೆ ಹೋದರೂ ಅಪ್ಪನ ಕೈ ಮಾತ್ರ ಕುರುಡಾಗಲಿಲ್ಲ. ಉಜ್ಜಿದ ಮೇಲೆ ಕಣ್ಣು ಮುಚ್ಚಿ ಅಂಗೈಯನ್ನು ಕಾರಿನ ಬಾಗಿಲ ಮೇಲೆ ಹಾಯಿಸುತ್ತಾರೆ. ಕಣ್ಣಿಗೆ ಕಾಣದ ತಗ್ಗು, ಉಬ್ಬು ಅಂಗೈಗೆ ಸಿಗುತ್ತದೆ. ನನಗೂ ಅದನ್ನು ಕಲಿಸಿದರು. ಅದಕ್ಕಿಂತ ದೊಡ್ಡ ವಿದ್ಯೆ ಬಳೆ ಓದುವುದು. ಹಳೆ ಬಣ್ಣದ ಮೇಲೆ ನೀರು ಹಾಕಿ ಒಂದೇ ಜಾಗದಲ್ಲಿ ಉಜ್ಜುತ್ತಾ ಹೋದರೆ ಮೇಲಿನ ಪದರ ಸವೆದು ಅದರ ಕೆಳಗಿನ ಬಣ್ಣ ಕಾಣುತ್ತದೆ, ಆಮೇಲೆ ಅದರ ಕೆಳಗಿನದು, ಒಂದರೊಳಗೊಂದು ಬಳೆಗಳ ಹಾಗೆ. ಬೆಂಗಳೂರಿನಿಂದ ಬಂದ ಸಾಹುಕಾರರು ಒಂದು ಗೀರೂ ಬಿದ್ದಿಲ್ಲ, ಕಂಪನಿ ಬಣ್ಣ ಎಂದು ಆಣೆ ಇಡುತ್ತಿದ್ದರು. ಅಪ್ಪ ಎರಡು ನಿಮಿಷ ಉಜ್ಜಿ, ಮೂರು ಬಳೆ ತೋರಿಸಿ, ಸುಮ್ಮನೆ ಅವರ ಮುಖ ನೋಡುತ್ತಿದ್ದರು.

ಕಾಲೇಜಿಗೆ ಹೋಗುವ ಮುಂಚೆ ಬೆಳಿಗ್ಗೆ ಒಂದು ಬಾಗಿಲನ್ನೋ ಬಾನೆಟ್ಟನ್ನೋ ಉಜ್ಜಿ ಮುಗಿಸುತ್ತಿದ್ದೆ. ಉಗುರ ಸಂದಿಯಲ್ಲಿ ಪಟ್ಟಿಯ ಬಿಳಿ ಹಾಗೇ ಇರುತ್ತಿತ್ತು. ಒಬ್ಬ ಮೇಡಂ ಅದನ್ನು ರಂಗೋಲಿ ಹಿಟ್ಟೆಂದು ತಿಳಿದು ಇಡೀ ಕ್ಲಾಸಿನ ಮುಂದೆ ನನ್ನ ಸಂಪ್ರದಾಯವನ್ನು ಹೊಗಳಿದರು. ನಾನು ತಿದ್ದಲಿಲ್ಲ. ಹೊಗಳಿಕೆ ನಮಗೆ ಅಪರೂಪ, ತಪ್ಪು ವಿಳಾಸಕ್ಕೆ ಬಂದರೂ ಇಟ್ಟುಕೊಂಡೆ. ಬಿ.ಕಾಂ. ಮುಗಿಸಲು ಒಂದು ವರ್ಷ ಹೆಚ್ಚು ತೆಗೆದುಕೊಂಡೆ. ಕಾಸ್ಟಿಂಗ್ ಪೇಪರು ಎರಡು ಸಲ ಕೈಕೊಟ್ಟಿತು. ಇದನ್ನು ಮುಚ್ಚಿಡುವುದಿಲ್ಲ. ನಮ್ಮ ಎರಡೂ ಕಡೆಯ ನೆಂಟರಲ್ಲಿ ಆ ಪೇಪರಿನಲ್ಲಿ ಫೇಲಾಗುವಷ್ಟು ಓದಿದವರೂ ನನಗಿಂತ ಮುಂಚೆ ಯಾರೂ ಇರಲಿಲ್ಲ.

ಡಿಗ್ರಿ ಬಂತು. ಮುಂದೇನು ಎಂದಾಗ ಸೈಟು, ಮನೆ ಕೊಡಿಸುವ ಕೆಲಸ ಮಾಡುತ್ತೇನೆ ಎಂದೆ. ಎಲ್ಲರೂ ಮಾಡುವ ಹಾಗೆ ಬಾಯಿಮಾತಿನ ಬ್ರೋಕರಾಗಿ ಅಲ್ಲ. ಸರ್ಕಾರದಲ್ಲಿ ನನ್ನ ಹೆಸರಿನಲ್ಲೇ ಏಜೆಂಟ್ ಎಂದು ನೋಂದಣಿ ಮಾಡಿಸಿ, ಸರ್ಟಿಫಿಕೇಟು ಗೋಡೆಗೆ ಹಾಕಿ. ಮಾವ ಜಗಲಿಯ ಮೇಲೆ ಕೂತು ಆಗಲ್ಲ ಎಂದಿದ್ದು ಆಗಲೇ. ಆದರೂ ನಮ್ಮಮ್ಮ ತಮ್ಮನ ಕೈ ಹಿಡಿದು ಕೇಳಿಕೊಂಡಿದ್ದರಿಂದ, ತಮ್ಮ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳಲು ಇಟ್ಟುಕೊಂಡರು, ಓಡಾಡಲು ಒಂದು ಸ್ಕೂಟರನ್ನೂ ಕೊಟ್ಟರು.

ಆ ಆಫೀಸಿನಲ್ಲಿ ಕಲಿತದ್ದು ಕಡಿಮೆಯೇನಲ್ಲ. ಹೊಸಕೋಟೆ ತಾಲ್ಲೂಕಿನ ಯಾವ ಮೂಲೆಯಿಂದ ಹೊರಟರೂ ಏರ್‌ಪೋರ್ಟು ಇಪ್ಪತ್ತೇ ನಿಮಿಷ ಎಂದು ಕಲಿತೆ. ಗಿರಾಕಿಯನ್ನು ನೇರ ದಾರಿಯಲ್ಲಿ ಕರೆದೊಯ್ಯಬಾರದು, ದೊಡ್ಡ ಶಾಲೆಯ ಮುಂದೆ ಹಾದುಹೋಗುವ ಸುತ್ತು ದಾರಿಯಲ್ಲೇ ಒಯ್ಯಬೇಕು. ಆಫೀಸಿನಲ್ಲಿ ಒಂದು ಮೀನಿನ ತೊಟ್ಟಿಯಿತ್ತು, ವಾಸ್ತುವಿಗೆ. ಮಾವ ಗಿರಾಕಿಗಳ ಮುಂದೆ ನನ್ನನ್ನೂ ಆ ಮೀನಿನ ಹಾಗೇ ತೋರಿಸುತ್ತಿದ್ದರು, ನಮ್ಮಕ್ಕನ ಮಗಳು, ಡಿಗ್ರಿ ಆಗಿದೆ ಎಂದು.

ಮೊದಲ ಗಿರಾಕಿಯನ್ನು ನಾನು ಕಳೆದುಕೊಂಡಿದ್ದು ನನ್ನದೇ ತಪ್ಪಿನಿಂದ. ಸಮೇತನಹಳ್ಳಿ ಕಡೆ ಒಂದು ಸೈಟು ತೋರಿಸಲು ಹೋಗಿ, ಇಲ್ಲಿ ಮಳೆನೀರು ನಿಲ್ಲುತ್ತದೆ, ಆ ಮೂಲೆ ಅರ್ಧ ಅಡಿ ತಗ್ಗಿದೆ, ಮೋರಿ ಇನ್ನೂ ಮುಂದಿನ ರಸ್ತೆಗೇ ಬಂದಿಲ್ಲ ಎಂದು ಒಂದೊಂದಾಗಿ ಹೇಳಿದೆ. ಕಾರು ನೋಡುವಾಗ ಅಪ್ಪ ಹಾಗೇ ತಾನೇ ಹೇಳುವುದು. ಗಿರಾಕಿ ತಲೆಯಾಡಿಸಿ ಧನ್ಯವಾದ ಹೇಳಿ ಹೋದವರು ಮತ್ತೆ ಫೋನು ತೆಗೆಯಲಿಲ್ಲ. ಮಾವ ಮೀನಿಗೆ ಕಾಳು ಹಾಕುತ್ತಾ ಕೇಳಿದರು: "ಏನಮ್ಮಾ, ಸೈಟ್ ಮಾರಕ್ಕೋಗಿದ್ಯೋ, ಕಾರ್ ರಿಪೇರಿಗೆ ಎಸ್ಟಿಮೇಟ್ ಕೊಡಕ್ಕೋಗಿದ್ಯೋ?" ಆಫೀಸೆಲ್ಲ ನಕ್ಕಿತು. ನಾನೂ ನಕ್ಕೆ. ಚೆನ್ನಾಗಿಯೇ ಹೇಳಿದ್ದರು.

ಹೀಗಿರುವಾಗ ಒಂದು ಭಾನುವಾರ ದೊಡ್ಡಬಳ್ಳಾಪುರದಿಂದ ರತ್ನಮ್ಮ ಬಂದರು. ಪವರ್‌ಲೂಮಿನಲ್ಲಿ ಸೀರೆ ನೇಯುವ ಹೆಂಗಸು, ಒಬ್ಬರೇ ದುಡಿದು ಮಗಳನ್ನು ಸೂಲಿಬೆಲೆಗೆ ಕೊಟ್ಟಿದ್ದರು. ಮಗಳ ಹತ್ತಿರವೇ ಒಂದು ಚಿಕ್ಕ ಮನೆ ಕಟ್ಟಿಕೊಂಡು ಇದ್ದುಬಿಡೋಣ ಎಂಬ ಆಸೆ. ಮಾವನಿಗೆ ಅಂದು ಮೂರು ಪಾರ್ಟಿ ಇದ್ದವು, ನನ್ನನ್ನು ಕಳಿಸಿದರು. ಸೂಲಿಬೆಲೆ ದಾರಿಯ ಒಂದು ಬಡಾವಣೆ, ಐವತ್ತೆಂಟನೇ ನಂಬರ್ ಸೈಟು, ಪೂರ್ವಕ್ಕೆ ಮುಖ. ಈ ಸಲವಾದರೂ ಬಾಯಿ ಮುಚ್ಚಿಕೊಂಡು ವ್ಯಾಪಾರ ಮುಗಿಸಿದರೆ ನನ್ನ ನೋಂದಣಿಯನ್ನು ತಾವೇ ಓಡಾಡಿ ಮಾಡಿಸುವುದಾಗಿಯೂ ಮಾವ ಹೇಳಿದ್ದರು.

ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ. ಸೈಟು ಚೆನ್ನಾಗಿತ್ತು. ತಗ್ಗಿರಲಿಲ್ಲ, ಎದುರಿಗೆ ರಸ್ತೆ, ಪಕ್ಕದಲ್ಲಿ ಒಂದು ಹೊಂಗೆ ಮರ. ಹೇಳಲು ತಪ್ಪೇ ಇಲ್ಲವಲ್ಲ ಎಂದು ನನಗೇ ಸಮಾಧಾನವಾಯಿತು. ರತ್ನಮ್ಮ ಸೈಟಿನ ನಾಲ್ಕೂ ಮೂಲೆ ನಡೆದು ಬಂದು, ಸೆರಗಿನಿಂದ ಮುಖ ಒರೆಸಿಕೊಂಡು ಒಂದು ಮಾತು ಕೇಳಿದರು.

"ನಮ್ಮಲ್ಲಿ ಸೀರೆ ತಗೊಳೋರು ಮೇಲ್ಮೈ ನೋಡಲ್ಲ ಕಣವ್ವ. ತಿರುಗ್ಸಿ ಒಳಮೈ ನೋಡ್ತಾರೆ. ಎಳೆ ಕಿತ್ತಿರಾದು, ಗಂಟಾಕಿರಾದು ಎಲ್ಲಾ ಅಲ್ಲೇ ಕಾಣ್ತದೆ. ಸೈಟಿಗೆ ಒಳಮೈ ಎಲ್ಲೈತೆ? ಅದನ್ ತೋರ್ಸು."

ಇದಕ್ಕೆ ಮಾವ ಕಲಿಸಿದ್ದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು: ಎಲ್ಲಾ ಡಾಕ್ಯುಮೆಂಟ್ ಕ್ಲಿಯರ್ ಇದೆ ಅಕ್ಕ. ಅದು ಹೊರಗೆ ಬರಲಿಲ್ಲ. ಬದಲಿಗೆ ನನ್ನ ಕಣ್ಣು ನಂಬರ್ ಕಲ್ಲಿನ ಮೇಲೆ ಹೋಯಿತು. ಅಕ್ಕಪಕ್ಕದ ಸೈಟುಗಳಿಗೆಲ್ಲ ಗೇಣುದ್ದದ ಸಣ್ಣ ಕಲ್ಲು. ಐವತ್ತೆಂಟಕ್ಕೆ ಮಾತ್ರ ಮೊಣಕಾಲೆತ್ತರದ ಅಗಲ ಚಪ್ಪಡಿ, ಮೈತುಂಬ ಹಳದಿ ಬಣ್ಣ, ನಡುವೆ ಕಪ್ಪಿನಲ್ಲಿ ಅಂಕೆ. ಒಂದು ಸೈಟಿಗೆ ಇಷ್ಟು ದೊಡ್ಡ ಕಲ್ಲು ಯಾಕೆ? ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿ ಅಂಗೈ ಹಾಯಿಸಿದೆ. ಹಳದಿಯ ಕೆಳಗೆ ಗೆರೆಗಳು ಉಬ್ಬಿದ್ದವು. ಹಿಂದೆ ಯಾರೋ ದಪ್ಪ ಕುಂಚದಲ್ಲಿ ಬರೆದಿದ್ದ ಅಕ್ಷರಗಳು. ಅವು ಐದೂ ಅಲ್ಲ, ಎಂಟೂ ಅಲ್ಲ.

ಚೀಲದಲ್ಲಿ ಹಿಮ್ಮಡಿಯ ಚೂರಿತ್ತು, ಬಾಟಲಿಯಲ್ಲಿ ಕುಡಿಯುವ ನೀರಿತ್ತು. ಉಜ್ಜತೊಡಗಿದೆ. ರತ್ನಮ್ಮ ಈ ಹುಡುಗಿಗೆ ಏನಾಯಿತು ಎಂಬಂತೆ ನಿಂತರು. ಮೊದಲು ಹಳದಿ ನೀರು ಇಳಿಯಿತು. ಆಮೇಲೆ ಬಿಳಿಯ ಬಳೆ ಕಂಡಿತು. ಬಿಳಿಯ ನಡುವೆ ಹಸಿರು. ಇನ್ನಷ್ಟು ನೀರು ಸುರಿದು ಪಕ್ಕಕ್ಕೆ ಉಜ್ಜುತ್ತಾ ಹೋದೆ. ಅಕ್ಷರಗಳು ಒಂದರ ಪಕ್ಕ ಒಂದು ಎದ್ದು ಬಂದವು.

ಇಲ್ಲೊಂದು ಮಾತು ಹೇಳಲೇಬೇಕು. ಹೊಸ ಬಣ್ಣ ಹೊಡೆಯುವ ಮುಂಚೆ ಹಳೆಯದನ್ನು ಉಜ್ಜಿ ತೆಗೆಯಬೇಕು, ಇದು ಪೇಂಟರಿನ ಒಂದನೇ ಪಾಠ. ಆ ಕಲ್ಲಿಗೆ ಹಳದಿ ಬಳಿದವನು ಎರಡು ಹಾಳೆ ಪೇಪರು, ಅರ್ಧ ಗಂಟೆ ತೋಳು ಖರ್ಚು ಮಾಡಿದ್ದರೆ ನನಗೆ ಏನೂ ಸಿಗುತ್ತಿರಲಿಲ್ಲ. ಸೋಮಾರಿತನಕ್ಕೆ ನೇರ ಬಣ್ಣ ಬಳಿದು ಹೋಗಿದ್ದ. ಮೋಸ ಮಾಡುವುದಕ್ಕೂ ಒಂದು ಶ್ರದ್ಧೆ ಬೇಕು, ಸ್ವಾಮಿ. ನಮ್ಮಪ್ಪನ ಶೆಡ್ಡಿನಲ್ಲಿ ಅವನನ್ನು ಅರ್ಧ ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ.

"ಏನಂತ ಐತವ್ವ?" ಎಂದರು ರತ್ನಮ್ಮ.

ಆ ಗಳಿಗೆಯಲ್ಲಿ ಏನೂ ಇಲ್ಲ ಅಕ್ಕ, ಹಳೇ ಬಣ್ಣ ಎನ್ನಬಹುದಿತ್ತು. ಹಾಗೆ ಎಂದಿದ್ದರೆ ಮಾವ ಕೊಟ್ಟ ಮಾತಿನಂತೆ ನನ್ನ ಅರ್ಜಿ ಮುಂದೆ ಹೋಗುತ್ತಿತ್ತು. ಅದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿ ಗೊತ್ತಿತ್ತು.

"ನೀವೇ ಓದಿ ಅಕ್ಕ," ಎಂದೆ.

ರತ್ನಮ್ಮ ಬಗ್ಗಿ, ಒದ್ದೆ ಕಲ್ಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದರು. "ಉ... ದ್ಯಾ... ನ." ಬೆರಳು ಹಿಂದಕ್ಕೆ ತೆಗೆದರು. "ಅಂಗಂದ್ರೆ ಪಾರ್ಕಲ್ವಾ?"

ಕಲ್ಲು ಹಾಗೆ ಹೇಳುತ್ತಿದೆ, ನಕ್ಷೆ ಏನು ಹೇಳುತ್ತದೋ ನೋಡಬೇಕು, ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ ಎಂದು ಹೇಳಿ ಅವರನ್ನು ಮಗಳ ಮನೆಗೆ ಬಿಟ್ಟು ಬಂದೆ. ಕಲ್ಲನ್ನೇ ನಂಬಿ ಜಗಳಕ್ಕೆ ಹೋಗುವಷ್ಟು ದಡ್ಡಿಯಲ್ಲ ನಾನು, ಕಾಸ್ಟಿಂಗ್ ಬಿಟ್ಟು ಉಳಿದೆಲ್ಲದರಲ್ಲೂ ಮೊದಲ ಸಲವೇ ಪಾಸಾದವಳು. ಬಡಾವಣೆಗೆ ಮಂಜೂರಾದ ನಕ್ಷೆಯ ನಕಲಿಗೆ ಕಚೇರಿಯಲ್ಲಿ ಅರ್ಜಿ ಕೊಟ್ಟೆ. ಕೈಗೆ ಬರಲು ಹತ್ತು ದಿನ ಹಿಡಿಯಿತು. ಐವತ್ತೇಳರವರೆಗೆ ಸೈಟುಗಳು, ಅದರಾಚೆ ಹಸಿರು ಗೆರೆ ಎಳೆದ ಜಾಗ, ಅದರೊಳಗೆ ಉದ್ಯಾನ ಎಂದೇ ಬರೆದಿತ್ತು. ಐವತ್ತೆಂಟು ಎಂಬ ನಂಬರೇ ಆ ನಕ್ಷೆಯಲ್ಲಿ ಇರಲಿಲ್ಲ.

ಮಾವ ಕೂಗಾಡುತ್ತಾರೆ ಎಂದುಕೊಂಡು ಹೋದೆ. ಕೂಗಾಡಲಿಲ್ಲ. ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಹಾಕಿ, ತುಂಬಾ ಹೊತ್ತು ನೋಡಿ, ಮಡಚಿ ವಾಪಸು ಕೊಟ್ಟರು.

"ಇದು ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

ನಾನು ಏನು ಹೇಳಬೇಕೆಂದು ಸಿದ್ಧ ಮಾಡಿಕೊಂಡಿದ್ದೆನೋ ಅದೆಲ್ಲ ಅವರಿಗೆ ಗೊತ್ತಿಲ್ಲ ಎಂಬ ಲೆಕ್ಕದ ಮೇಲೆ ಇತ್ತು.

"ಲೇಔಟ್ ಮಾಡ್ದೋರು ಮಾರು ಅಂದ್ರು, ಮಾರ್ತೀನಿ. ನಮ್ಮೂರಲ್ಲಿ ಪಾರ್ಕಿಗೆ ಯಾವನಮ್ಮಾ ವಾಕಿಂಗ್ ಹೋಗ್ತಾನೆ? ಹಸು ಮೇಯ್ತವೆ."

"ಆ ಯಮ್ಮ ಮನೆ ಕಟ್ಟಿದ್ಮೇಲೆ ಬಂದು ಒಡೆದಾಕಿದ್ರೆ ಮಾವ?"

"ಅಷ್ಟೊತ್ತಿಗೆ ನಾವೆಲ್ಲಿರ್ತೀವೋ, ಅವ್ಳೆಲ್ಲಿರ್ತಾಳೋ."

ಸ್ಕೂಟರಿನ ಕೀಲಿಯನ್ನು ಮೀನಿನ ತೊಟ್ಟಿಯ ಪಕ್ಕ ಇಟ್ಟೆ. ಬಾಗಿಲು ದಾಟುವ ಮುಂಚೆ ಹಿಂದಿನಿಂದ ಅವರ ಮಾತು ಬಂತು, ಹೊಸಕೋಟೆಯಲ್ಲಿ ಒಬ್ಬನೇ ಒಬ್ಬ ನನಗೊಂದು ಸೈಟು ತೋರಿಸಲು ಕೊಟ್ಟರೆ ತಾವು ಮೀಸೆ ಬೋಳಿಸಿಕೊಳ್ಳುವುದಾಗಿ. ಬಣ್ಣ ಹಾಕಿದ ಮೀಸೆ ಅದು. ಬೋಳಿಸಿದರೆ ನಷ್ಟವೇನಿಲ್ಲ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಹಿರಿಯರು.

ರತ್ನಮ್ಮನ ಮಗಳ ಮನೆಗೆ ಬಸ್ಸಿನಲ್ಲಿ ಹೋಗಿ ನಕ್ಷೆ ತೋರಿಸಿದೆ. ಅವರು ಅಳಲಿಲ್ಲ, ಬೈಯಲಿಲ್ಲ. ನೀನು ಸ್ವಂತಕ್ಕೆ ಕೆಲಸ ಶುರುಮಾಡುವಾಗ ಹೇಳು, ಅಲ್ಲಿಯವರೆಗೆ ಯಾರ ಹತ್ತಿರವೂ ಸೈಟು ನೋಡುವುದಿಲ್ಲ ಎಂದರು. ಆ ಮಾತನ್ನು ಕೇಳಿ ಖುಷಿಗಿಂತ ಹೆಚ್ಚು ಹೆದರಿಕೆಯಾಯಿತು. ನನ್ನ ಸರ್ಟಿಫಿಕೇಟು ಬರದಿದ್ದರೆ ನನ್ನೊಬ್ಬಳದಲ್ಲ, ಇನ್ನೊಬ್ಬರ ಮನೆಯೂ ನಿಲ್ಲುತ್ತದೆ.

ಮನೆಯಲ್ಲಿ ಅಮ್ಮ ವಾರಗಟ್ಟಲೆ ನನ್ನೊಡನೆ ಮಾತು ಬಿಟ್ಟರು. ಬಿಟ್ಟ ಮೇಲೆ ಆಡಿದ ಮೊದಲ ಮಾತು, "ನನ್ ತವರಿನ ಬಾಗ್ಲು ಮುಚ್ಚುಸ್ಬಿಟ್ಟೆ ಕಣೆ" ಎಂದು. ಸರಿಯಾದದ್ದನ್ನು ಮಾಡಿದರೂ ಯಾರದೋ ಮೈಗೆ ಗೀರು ಬೀಳುತ್ತದೆ. ಆ ಗೀರು ಅಮ್ಮನ ಮೈಮೇಲೆ ಬಿತ್ತು. ಅಪ್ಪ ಮಾತ್ರ ನಾನು ಮಾವನ ಆಫೀಸು ಬಿಟ್ಟ ಮರುದಿನವೇ ಶೆಡ್ಡಿನ ಒಂದು ಮೂಲೆಯಲ್ಲಿ ಬಣ್ಣದ ಡಬ್ಬಿಗಳನ್ನು ಸರಿಸಿ, ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಒಂದು ಬೋರ್ಡು ಬರೆದುಕೊಡಿ ಎಂದೆ. "ಈಗ್ಲೇ ಬೇಡ. ಪ್ರೈಮರ್ ಒಣಗ್ದೇ ಬಣ್ಣ ಹೊಡೀಬಾರ್ದು," ಎಂದು ಸ್ಪ್ರೇ ಗನ್ನು ತೊಳೆಯಲು ಹೋದರು.

ಅರ್ಜಿ ಹಾಕಿದೆ. ಮೊದಲ ಸಲ ವಾಪಸು ಬಂತು, ಕಚೇರಿಯ ವಿಳಾಸಕ್ಕೆ ದಾಖಲೆ ಇಲ್ಲ ಎಂದು. ತಗಡಿನ ಶೆಡ್ಡಿಗೆ ಎಂಥ ದಾಖಲೆ? ಅನ್ವರಣ್ಣನಿಗೆ ಹೇಳಿದರೆ ಸುತ್ತಿಗೆ ಕೆಳಗಿಟ್ಟು ಕೈ ಒರೆಸಿಕೊಂಡರು. "ಬರ್ಕೊಡ್ತೀನಿ ಬೇಟಿ. ನನ್ ಸುತ್ಗೆ, ನಿಮ್ಮಪ್ಪನ್ ಬಣ್ಣ, ನಿನ್ ಆಫೀಸು, ಮೂರೂ ಒಂದೇ ಅಡ್ರೆಸ್." ಹೆಂಡತಿಯ ಪೆಟ್ಟಿಗೆಯಿಂದ ಕಂದಾಯದ ರಸೀದಿಗಳನ್ನೆಲ್ಲ ತಂದು ಒಪ್ಪಂದಕ್ಕೆ ಸಹಿ ಹಾಕಿದರು. ಮತ್ತೆ ಹಾಕಿದೆ. ಕಾದೆ. ಆ ದಿನಗಳಲ್ಲಿ ಹೊಸಕೋಟೆಯ ಬ್ರೋಕರುಗಳು ನನ್ನನ್ನು ಕಂಡರೆ ಫೋನು ಕಿವಿಗಿಟ್ಟುಕೊಂಡು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಕೆಲವರು 'ಕಲ್ಲುಜ್ಜೋಳು' ಎಂದು ಹೆಸರಿಟ್ಟರು. ಒಳ್ಳೆಯ ಹೆಸರು. ಮಧ್ಯಾಹ್ನದವರೆಗೆ ಕಾರು ಉಜ್ಜಿದೆ, ಆಮೇಲೆ ಕೈ ತೊಳೆದು ಆ ಮೂಲೆಯ ಕುರ್ಚಿಯಲ್ಲಿ ಕೂತು, ಸುತ್ತಿನ ಬಡಾವಣೆಗಳ ಮಂಜೂರಾದ ನಕ್ಷೆಗಳನ್ನು ಒಂದೊಂದಾಗಿ ತರಿಸಿ ಓದಿದೆ.

ಬಂತು. ಸರ್ಟಿಫಿಕೇಟು ಬಂದದ್ದು ಕಂಪ್ಯೂಟರಿನಲ್ಲಿ. ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಕಾಗದದ ಮೇಲೆ ಪ್ರಿಂಟು ತೆಗೆಸಿ, ಬಿಸಿಯಾರುವ ಮುಂಚೆ ಮನೆಗೆ ತಂದೆ. ಅಪ್ಪ ಊಟಕ್ಕೆ ಬಂದಿದ್ದರು. ಜಗಲಿಯ ಮೇಲೆ ಇನ್ನೊಬ್ಬರೂ ಇದ್ದರು, ಸರೋಜತ್ತೆ, ಕೃಷ್ಣಮಾವನ ಹೆಂಡತಿ. ಆ ಜಗಳವಾದ ಮೇಲೆ ಅವರ ಮನೆಯಿಂದ ಯಾರೂ ನಮ್ಮ ಬಾಗಿಲಿಗೆ ಬಂದಿರಲಿಲ್ಲ. ಅಮ್ಮನಿಗೆ ಸಂತೋಷವೂ ಗಾಬರಿಯೂ ಒಟ್ಟಿಗೆ ಆಗಿ, ಕಾಫಿಗೆ ಹಾಲಿಟ್ಟು ಬರುತ್ತೇನೆಂದು ಎರಡು ಸಲ ಒಳಗೆ ಹೋಗಿ ಹಾಲಿಡದೆಯೇ ಹೊರಗೆ ಬಂದರು.

ಸರ್ಟಿಫಿಕೇಟನ್ನು ಅಪ್ಪನಿಗೆ ಕೊಟ್ಟೆ. ಕೈಯನ್ನು ಲುಂಗಿಗೆ ಎರಡು ಕಡೆಯೂ ಒರೆಸಿಕೊಂಡು, ಹಾಳೆಯ ಅಂಚನ್ನಷ್ಟೇ ಹಿಡಿದು, ಬಿಸಿಲಿಗೆ ಓರೆ ಮಾಡಿ ನೋಡಿದರು. ಎಲ್ಲಿದೆ ನಿನ್ನ ಹೆಸರು ಎಂದು ಕೇಳಿದರು. ತೋರಿಸಿದೆ. ಅದರ ಕೆಳಗೆ ತಮ್ಮ ಹೆಸರೂ ಇರುವುದನ್ನು ಅವರೇ ಕಂಡುಕೊಂಡರು. ಅಮ್ಮ ಪಕ್ಕಕ್ಕೆ ಬಂದು ಇಣುಕಿ, ಮತ್ತೆ ಹಾಲಿನ ನೆಪದಲ್ಲಿ ಒಳಗೆ ಹೋದರು. ಈ ಸಲ ಬೇಗ ಬರಲಿಲ್ಲ.

ಅಪ್ಪ ಸರ್ಟಿಫಿಕೇಟನ್ನು ಅತ್ತೆಯ ಕೈಗೆ ಕೊಟ್ಟು ಕೈಕಾಲು ತೊಳೆಯಲು ಹಿತ್ತಲಿಗೆ ನಡೆದರು. ಅತ್ತೆ ಏಳನೇ ಕ್ಲಾಸಿನವರೆಗೆ ಓದಿದವರು. ಇಂಗ್ಲಿಷ್ ಸಾಲುಗಳನ್ನು ಬಿಟ್ಟು, ಮುದ್ರೆ ನೋಡಿ, ನನ್ನ ಫೋಟೋ ನೋಡಿ, ಇದು ಸರ್ಕಾರದವರೇ ಕೊಟ್ಟದ್ದಾ ಎಂದು ಕೇಳಿದರು. ಹೌದು ಎಂದೆ. ಒಳಗೆ ಅಮ್ಮ ಲೋಟ ಜೋಡಿಸುವ ಸದ್ದಿಗೆ ಕಿವಿಗೊಟ್ಟು, ಹಾಳೆಯನ್ನು ನನ್ನ ಕೈಗಿಟ್ಟು, ಆ ಕೈಯನ್ನು ಹಾಗೇ ಹಿಡಿದುಕೊಂಡು ಹತ್ತಿರಕ್ಕೆ ಎಳೆದುಕೊಂಡರು.

"ಪವಿ, ನಿಮ್ಮಾವ ನನ್ ಹೆಸ್ರಿಗೂ ಒಂದ್ ಸೈಟ್ ಮಾಡ್ಸವ್ರೆ ಕಣೆ. ಅವ್ರಿಗೆ ಹೇಳ್ಬೇಡ. ನಾಳೆ ಹತ್ ಗಂಟೆ ಬಸ್ಸಿಗೆ ನನ್ ಜೊತೆ ಬಂದು, ಒಂದ್ಸಲ ನೋಡ್ಬಿಡು."